ಕಿಡಿ ತೊಳೆದ ನೀರು

ಪಂಪಣ್ಣ ಮಾಸ್ತರನ ಆ ದಿನದ ತಾಪತ್ರಯವೆಲ್ಲ ಪಕ್ಕದ ಮನೆಯ ಅಮೀನಸಾಬನ ರೇಡಿಯೋದಿಂದ ಶುರುವಾಯಿತು. ಅದರಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ಗೋಡೆಯ ಈಚೆ ಪಂಪಣ್ಣ, ಗಂಗಾವತಿಯ ಗುಜರಿಯಿಂದ ತಂದ ಹಳೇ ಜೀಪಿನ, ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಬ್ಯಾಟರಿ ಜೋಡಿಸಿ, ಗಾಜಿನ ಭರಣಿಯೊಳಗಿನ ಕೆಂಪು ನೀರಿನ ಮೇಲೆ ಕಿಡಿ ಹಾರಿಸುತ್ತಿದ್ದ. ಕಿಡಿ ಹಾರಿದಾಗಲೆಲ್ಲ ಆಚೆ ರೇಡಿಯೋ ಒಗ್ಗರಣೆ ಹಾಕಿದಂತೆ ಚರಚರ ಅನ್ನುತ್ತಿತ್ತು.

ಕೆಂಪು ನೀರು ಕೊಪ್ಪಳದ ಅಂಚಿನಲ್ಲಿ ನೂಲಿಗೆ ಬಣ್ಣ ಹಾಕುವ ವಿರೂಪಾಕ್ಷಪ್ಪನವರ ಕಾರ್ಖಾನೆಯದು. ಅದು ಇಂಗಿ ಇಂಗಿ ಅಮೀನಸಾಬನ ಹೆಂಡತಿ ಕಾಸೀಮಬೀಯ ಬಾವಿಗೂ ಇಳಿದಿತ್ತು. "ಆ ನೀರಿಂದ ಯಾರಿಗೂ ಏನೂ ಆಗೂದಿಲ್ಲ" ಎಂಬುದು ಸಾಹುಕಾರರ ಒಂದೇ ಮಾತು. ಮಿಂಚಿನಂಥ ಕಿಡಿ ಹೊಡೆದರೆ ನೀರಿನೊಳಗಿನ ಬಣ್ಣ, ವಿಷ ಒಡೆದುಹೋಗುತ್ತವೆ ಎಂದು ಪಂಪಣ್ಣ ವಿಜ್ಞಾನ ಪತ್ರಿಕೆಯೊಂದರಲ್ಲಿ ಓದಿದ್ದ. ಹೈಸ್ಕೂಲಿನಲ್ಲಿ ಅವನದು ಹಂಗಾಮಿ ನೌಕರಿ. ಆ ಶಾಲೆಯ ಕಮಿಟಿಯ ಅಧ್ಯಕ್ಷರೂ ಇದೇ ವಿರೂಪಾಕ್ಷಪ್ಪನವರು. "ಸಂಜಿಮುಂದ ಬರ್ತೀನಿ. ನೀರು ತಿಳಿ ಆಗಿದ್ರ ಕಾರ್ಖಾನ್ಯಾಗ ನಿನ್ನ ಮಷೀನು, ಸಾಲ್ಯಾಗ ನಿನ್ನ ನೌಕರಿ, ಎರಡೂ ಕಾಯಂ" ಎಂದಿದ್ದರು.

ಅಮೀನಸಾಬ ಬಾಗಿಲಿಗೇ ಬಂದ. "ಮಾಸ್ತರ, ನಮ್ಮವ್ರು ಔಟ್ ಆದ್ರೋ ಫೋರ್ ಹೊಡದ್ರೋ ತಿಳಿವಲ್ದು. ಬಂದ್ ಮಾಡ್ರಿ ಅದನ್ನ."

"ನಿಮ್ಮ ಬಾವಿ ಸಲುವಾಗೇ ಮಾಡಾಕತ್ತೀನ್ರಿ, ಸಾಬ್ರ."

"ಬಾವಿ ಎಲ್ಲಿಗೂ ಓಡಿ ಹೋಗೂದಿಲ್ರಿ. ಮ್ಯಾಚ್ ಇವತ್ತ ಮುಗೀತೈತಿ."

ಕೊನೆಗೆ ಆಟಗಾರರು ಊಟಕ್ಕೆ, ಚಹಾಕ್ಕೆ ಹೋದಾಗ ಮಾತ್ರ ಕಿಡಿ ಹಾರಿಸಬೇಕೆಂದು ಒಪ್ಪಂದವಾಯಿತು. ವಿಜ್ಞಾನ ಕೈಕಟ್ಟಿ ಕೂತು ಅವರ ಹಸಿವೆಗಾಗಿ ಕಾಯತೊಡಗಿತು. ಊಟದ ಹೊತ್ತಿಗೆ ನೀರು ಗುಲಾಬಿಗೆ ತಿರುಗಿತು, ಬ್ಯಾಟರಿ ಸತ್ತಿತು. ಪಂಪಣ್ಣ ಅದೇ ಓಣಿಯ ಪಕ್ಕೀರಪ್ಪನ ಕೈಕಾಲು ಹಿಡಿದು, ಸಂಜೆಗೆ ವಾಪಸು ಕೊಡುವ ಮಾತಿನ ಮೇಲೆ ಅವನ ಟ್ರ್ಯಾಕ್ಟರಿನ ಬ್ಯಾಟರಿ ಹೆಗಲ ಮೇಲೆ ಹೊತ್ತು ತಂದ. ಆಸಿಡ್ ಚೆಲ್ಲಿ ಇದ್ದೊಂದು ಒಳ್ಳೆಯ ಅಂಗಿ ಜರಡಿಯಾಯಿತು. ಚಹಾದ ಹೊತ್ತಿಗೆ ಮಾತ್ರ, ಅವನ ಪುಣ್ಯ, ಭರಣಿಯ ನೀರು ತಿಳಿಯಾಯಿತು. ಅವನಿಗೆ ಅಳುವೇ ಬಂತು. ಬೇರೆ ಅಂಗಿ ಹುಡುಕಿ ಅದರ ಹರಕು ಹೊಲಿದುಕೊಳ್ಳಲು ಒಳಕೋಣೆಗೆ ಹೋದ.

ಸಂಜೆ ಅಂಗಿಯ ಗುಂಡಿ ಹಾಕುತ್ತ ಹೊರಬಂದಾಗ ವಿರೂಪಾಕ್ಷಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ಬಂದವರಿಗೆ ಮೊದಲು ಬೆಲ್ಲ-ನೀರು ಕೊಡದಿದ್ದರೆ ಮನೆಯ ಮಾನವೇ ಹೋದಂತೆ. ತಾಯಿ ಮುದಕಮ್ಮ ಬೆಲ್ಲ ಕೊಟ್ಟು, ಅದೇ ಭರಣಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಿದ್ದಳು. ಸಾಹುಕಾರರು ಅರ್ಧ ಕುಡಿದಿದ್ದರು.

"ಯವ್ವಾ, ಅದು ಕಾರ್ಖಾನಿ ನೀರು" ಎಂದು ಪಂಪಣ್ಣನ ಬಾಯಿ ಬುದ್ಧಿಗಿಂತ ಮೊದಲೇ ಓಡಿತು.

ಸಾಹುಕಾರರ ಮುಖ ಬಿಳುಚಿಕೊಂಡಿತು. ಮಷೀನು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಕಾಸೀಮಬೀ ಕೇಳಿದಳು: "ಗಾಬ್ರಿ ಯಾಕ್ರಿ ಸಾಹುಕಾರ್ರ? ಏನೂ ಆಗೂದಿಲ್ಲ ಅಂತ ನೀವ ಹೇಳ್ತೀರಲ್ರಿ."

ವಿರೂಪಾಕ್ಷಪ್ಪನವರು ಅವಳನ್ನು ನೋಡಿದರು, ಲೋಟ ನೋಡಿದರು, ಕಣ್ಣು ಮುಚ್ಚಿ ಉಳಿದದ್ದನ್ನೂ ಕುಡಿದರು. ಹೊಟ್ಟೆ ಸವರಿಕೊಂಡು ಸ್ವಲ್ಪ ಹೊತ್ತು ಕಾದರು. ಏನೂ ಆಗಲಿಲ್ಲ. ಮುಖ ಅರಳಿತು.

"ನೋಡಿದಿಲ್ಲೋ? ನನ್ನ ಕಾರ್ಖಾನಿ ನೀರು ನಾನ ಕುಡದೀನಿ. ಏನಾತು? ಇಂಥಾ ನೀರಿಗೆ ಮಷೀನ್ ಯಾಕ ಬೇಕು?"

"ಮಷೀನಿಂದನ ಅದು ತಿಳಿ ಆಗೈತ್ರಿ."

"ಇರಬಹುದು. ಆದ್ರ ಅದನ್ನ ಇಟ್ರ ನೀರಾಗ ವಿಷ ಐತಿ ಅಂತ ನಾನ ಒಪ್ಪಿದಂಗ ಆಕ್ಕೈತಿ. ನಿನ್ನ ನೌಕರೀದು ಬರೋ ವರ್ಷ ನೋಡೋಣು." ಅವರು ಇನ್ನೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಹೊರಟರು. ಕಾಸೀಮಬೀ ಬೈದುಕೊಳ್ಳುತ್ತ ಮನೆಗೆ ಹೋದಳು.

ಪಂಪಣ್ಣ ತಲೆ ಹಿಡಿದು ಕೂತ. "ಯವ್ವಾ, ಆ ನೀರು ಯಾಕ ಕೊಟ್ಟಿ?"

"ಹುಚ್ಚ ಅದೀಯೇನು? ಮನಿಗೆ ಬಂದವರಿಗೆ ಗಟಾರದ ನೀರು ಕೊಡ್ತಾರೇನು? ಅದನ್ನ ಆಗಲೇ ಚೆಲ್ಲೀನಿ. ಸಾಹುಕಾರ್ರ ಮುಂದ ಸೊಟ್ಟ ತಂಬಿಗಿ ಹಿಡಿಯಾಕ ನಾಚಿಕಿ ಆತು. ಭರಣಿ ಬೂದಿ ಹಚ್ಚಿ ತಿಕ್ಕಿ, ನಳದ ನೀರು ತುಂಬಿದ್ದೆ."

ಪಂಪಣ್ಣ ಸಾಹುಕಾರರನ್ನು ಕೂಗಲು ಹೊಸ್ತಿಲವರೆಗೆ ಓಡಿ ಅಲ್ಲೇ ನಿಂತ. 'ನೀವು ಕುಡಿದದ್ದು ನಳದ ನೀರು' ಎಂದರೆ, 'ನೀನು ತಿಳಿ ಮಾಡಿದ ನೀರು ಎಲ್ಲಿ' ಎನ್ನುತ್ತಾರೆ. ಇನ್ನೊಮ್ಮೆ ಮಾಡಿ ತೋರಿಸೋಣವೆಂದರೆ, ಹೇಳಿದ ಹೊತ್ತಿಗೆ ಸರಿಯಾಗಿ ಬಂದ ಪಕ್ಕೀರಪ್ಪ ಆಗಲೇ ಒಳಗಿನಿಂದ ತನ್ನ ಬ್ಯಾಟರಿ ಎತ್ತಿಕೊಂಡು ಹೊರಟಿದ್ದ.

ಗೋಡೆಯಾಚೆಯಿಂದ ಅಮೀನಸಾಬ ಕೂಗಿ ಹೇಳಿದ: "ಮಾಸ್ತರ, ಮ್ಯಾಚ್ ಮುಗೀತ್ರಿ. ಈಗ ಎಷ್ಟು ಬೇಕಾದ್ರೂ ಕಿಡಿ ಹಾರಿಸ್ರಿ."