ಧೂಳು ಹೋಗುವ ದಾರಿ

ಅವತ್ತಿನ ಕಷ್ಟಕ್ಕೆಲ್ಲ ಮೂಲ, ದಾನಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿದ್ದುದು. ಬೈಕುಲ್ಲಾದ ಹೋಟೆಲಿನ ಮಹಡಿಯ ಮೇಲಿನ ಆ ಪುಟ್ಟ ಆಫೀಸಿನಲ್ಲಿ ಬೇರೆ ಯಾರಿಗಾದರೂ ಅದು ಬರುತ್ತಿದ್ದರೆ ಧಣಿ ಕಾಂತಪ್ಪನವರು ಬಣ್ಣದ ಕ್ಯಾಟಲಾಗನ್ನು ಅವರ ಮೇಜಿನ ಮೇಲಿಡುತ್ತಿದ್ದರು. ದಾನಪ್ಪ ಎಂದಿನಂತೆ ತಲೆ ತಗ್ಗಿಸಿಕೊಂಡು ಹಾಲಿನ ಬಿಲ್ಲು ಬರೆದುಕೊಂಡಿರುತ್ತಿದ್ದ.

ಕಾಂತಪ್ಪನವರು ಉಡುಪಿಯ ಕಡೆಯಿಂದ ಬಂದು ಹೋಟೆಲುಗಳನ್ನು ಕಟ್ಟಿ ಬೆಳೆದವರು. ಈಗ ಬಾಂದ್ರಾದಲ್ಲಿ ಬಂಗಲೆ ಎದ್ದಿತ್ತು. ಗೋಡೆಯೊಳಗೆ ಕೊಳವೆ ಹೂತು, ಕೋಣೆಗೊಂದು ತೂತು ಬಿಟ್ಟು, ತೂತಿಗೆ ಉದ್ದನೆಯ ಸೊಂಡಿಲು ಸಿಕ್ಕಿಸಿದರೆ ಇಡೀ ಮನೆಯ ಧೂಳು ಹಿತ್ತಲ ಶೆಡ್ಡಿನ ಯಂತ್ರಕ್ಕೆ ಹೋಗಿ ಬೀಳುವ ವಿಲಾಯತಿ ಏರ್ಪಾಡೊಂದು ಅವರ ತಲೆ ಹೊಕ್ಕಿತ್ತು. ಗೋಡೆಯಲ್ಲಿ ಕೊಳವೆ ಹೂತೂ ಆಗಿತ್ತು. ಯಂತ್ರ ಬರುವುದಷ್ಟೇ ಬಾಕಿ.

"ಧೂಳು ಸೋಸುವುದರಲ್ಲಿ ಮೂರು ನಮೂನೆ ಉಂಟಂತೆ ಮಾರಾಯ. ನಮ್ಮ ಮನೆಗೆ ಯಾವುದು ಆಗ್ತದೆ ಅಂತ ನೀನು ಓದಿ ಹೇಳು. ಸಂಜೆ ಏಜೆಂಟ್ ಮನೆಗೆ ಬರ್ತಾನೆ. ಸರಿಯಾದ್ದು ಹೇಳಿದಿಯಾ, ಆ ರೂಮು ನಿನಗೆ."

"ತಪ್ಪಾತಂದ್ರ, ಸಾಹೇಬರ?"

ಕಾಂತಪ್ಪನವರು ಕಿಟಕಿಯ ಬಳಿಯ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ ಮೆಟ್ಟಿಲಿಳಿದು ಹೋದರು. ಅದು ರಮಾನಾಥನ ಕುರ್ಚಿ. ಹೋದ ವರ್ಷ ಹೋಟೆಲಿಗೆ ಐಸ್‌ಕ್ರೀಮ್ ಯಂತ್ರ ಆರಿಸಿದವನು ಅವನೇ. ಆ ಯಂತ್ರ ಮುಟ್ಟಿದವರನ್ನೆಲ್ಲ ಕರೆಂಟು ಹೊಡೆದು ಒದ್ದಿತು. ಕೊನೆಗೆ ಕಾಂತಪ್ಪನವರನ್ನೂ ಒದ್ದಿತು. ಮರುದಿನ ಹೊರಟ ಮಂಗಳೂರಿನ ಸ್ಟೀಮರಿನಲ್ಲಿ ರಮಾನಾಥ ತನ್ನ ಟ್ರಂಕಿನ ಮೇಲೆ ಕುಳಿತಿದ್ದನಂತೆ.

ರೂಮು ಎಂದರೆ ಗೋರೆಗಾಂವಿನಲ್ಲಿ ಖಾಲಿ ಬಿದ್ದಿದ್ದ ಧಣಿಯ ರೂಮು. ದಾನಪ್ಪ ಒಂದು ಭಾನುವಾರ ಹೋಗಿ ಅದನ್ನು ಹೊರಗಿನಿಂದ ನೋಡಿ ಬಂದಿದ್ದ. ಸುತ್ತ ಹುಲ್ಲಿನ ಬಯಲು, ಹಿಂದೆ ಗುಡ್ಡ, ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದರೆ ಬೆರಳು ಧೂಳು ಹತ್ತದೆ ಹೋದ ಹಾಗೆಯೇ ಮರಳಿ ಬಂದಿತ್ತು. ಬೈಕುಲ್ಲಾದ ಚಾಳಿನಲ್ಲಿ ಅಣ್ಣನ ಸಂಸಾರದ ಜೊತೆ, ಸೀರೆಯ ಪರದೆಯ ಈಚೆ ಬದುಕುತ್ತಿದ್ದ ಅವನಿಗೆ ಅದು ಕೈಲಾಸದಂತೆ ಕಂಡಿತ್ತು. ಮಿಲ್ಲಿನ ಹೊಗೆಗೆ, ಹತ್ತಿಯ ಎಳೆಗೆ ಹೆಂಡತಿ ಚನ್ನವ್ವನ ಎದೆ ಕಟ್ಟಿ, ಉಸಿರು ತಿದಿಯೊತ್ತಿದ ಹಾಗೆ ಸಿಳ್ಳೆ ಹಾಕತೊಡಗಿದಾಗ ಡಾಕ್ಟರು ಧೂಳಿನಿಂದ ದೂರವಿಡಿ ಎಂದಿದ್ದರು. ಅವಳು ಧಾರವಾಡದ ತವರಿಗೆ ಹೋಗಿದ್ದಳು. ಧೂಳಿಲ್ಲದ ಖೋಲಿ ಸಿಕ್ಕರೆ ಬರುತ್ತೇನೆ, ಸಿಗದಿದ್ದರೆ ನೀವೇ ಇಲ್ಲಿಗೆ ಬನ್ನಿ ಎಂದು ಹೇಳಿ ರೈಲು ಹತ್ತಿದ್ದಳು. ರೂಮು ಸಿಗದಿದ್ದರೆ ಹೆಂಡತಿಯಿಲ್ಲ, ತಪ್ಪು ಹೇಳಿದರೆ ನೌಕರಿಯಿಲ್ಲ. ದಾನಪ್ಪ ಕ್ಯಾಟಲಾಗು ಬಿಡಿಸಿದ.

ಮೊದಲನೆಯದು ಬಟ್ಟೆಯ ಚೀಲದ್ದು. ಧೂಳು ಚೀಲದಲ್ಲಿ ಉಳಿಯುತ್ತದೆ, ತುಂಬಿದಾಗ ಬಿಚ್ಚಿ ಝಾಡಿಸಬೇಕು. ಎರಡನೆಯದು ನೀರಿನದು, ಧೂಳು ನೀರಿನಲ್ಲಿ ಮುಳುಗಿ ಕೆಸರಾಗುತ್ತದೆ. ಮೂರನೆಯದು ಸುಂಟರಗಾಳಿಯದು, ಗಿರಗಿರನೆ ತಿರುಗಿಸಿ ದಪ್ಪ ಕಸವನ್ನು ಡಬ್ಬಿಗೆ ಕೆಡವಿ, ನುಣ್ಣನೆಯ ಧೂಳನ್ನು ಪೈಪಿನಿಂದ ಹೊರಗೆ ಊದಿಬಿಡುತ್ತದೆ. ಚಿತ್ರದಲ್ಲಿ ಮೂರರ ಮುಂದೆಯೂ ಒಬ್ಬಳೇ ಬಿಳಿಯ ದೊರೆಸಾನಿ ನಗುತ್ತ ನಿಂತಿದ್ದಳು. ಅವಳ ನಗುವಿನಿಂದ ಏನೂ ತಿಳಿಯುವಂತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದವನು ಚಾಳಿನಲ್ಲಿ ಬಾಯಿ ಬಿಟ್ಟದ್ದು ತಪ್ಪಾಯಿತು. ಪಕ್ಕದ ಖೋಲಿಯ ಪರಪ್ಪ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನು ಎದ್ದು ಬಂದು ಕ್ಯಾಟಲಾಗನ್ನು ತಲೆಕೆಳಗಾಗಿ ಹಿಡಿದ.

"ಚೀಲ ಅಂದಮ್ಯಾಲ ಹರಿಯೂದ ತಮ್ಮಾ. ನಮ್ಮ ಮಿಲ್ಲಿನ ಖಾತೇದಾಗ ಒಮ್ಮೆ ಹರೀತು. ಮುಕಾದಮ ಎಷ್ಟು ಬೆಳ್ಳಗಾಗಿದ್ದಾ ಅಂದ್ರ, ಮನೀಗೆ ಹೋದ್ರ ಹೇಣ್ತಿ ಬಾಗಲಾ ತಗೀಲಿಲ್ಲ."

ಅತ್ತಿಗೆ ಗಂಗುಬಾಯಿ ರೊಟ್ಟಿ ಬಡಿಯುತ್ತಿದ್ದಲ್ಲಿಂದಲೇ ನೀರಿನದನ್ನು ತಳ್ಳಿಹಾಕಿದಳು. "ಇಲ್ಲೆ ಕುಡಿಯೂ ನೀರಿಗೆ ನಸುಕಿನ್ಯಾಗ ಎದ್ದು ಪಾಳಿ ಹಚ್ಚತೇವಿ. ಅಲ್ಲೆ ಕಸಕ್ಕ ನೀರು ಕುಡಸ್ತಾರಂತ. ನಳ ಬಂದ್ ಆದ ದಿವಸ ನಿಮ್ಮ ಧಣೇರ ಅವ್ವ, ಆ ಮುದುಕಿ, ನಿನ್ನ ಕಡೆ ಕೊಡಾ ಹೊರಸ್ತಾಳ ನೋಡು."

ಹಾಗಾದರೆ ಊದುವುದೇ ಒಳ್ಳೆಯದೆಂದು ದಾನಪ್ಪ ಸಮಾಧಾನ ತಂದುಕೊಳ್ಳುವಷ್ಟರಲ್ಲಿ ಪರಪ್ಪ ಆಕಳಿಸುತ್ತ ಕೇಳಿದ: "ಹೊರಗ ಊದತೈತಿ ಖರೆ. ಯಾರ ಮ್ಯಾಲ?"

ಅದನ್ನು ಕ್ಯಾಟಲಾಗು ಹೇಳಿರಲಿಲ್ಲ. ದಾನಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಗಂಗುಬಾಯಿಗೆ ಮಾತ್ರ ಮೈದುನನಿಗೆ ರೂಮು ಸಿಗುವ ಸುದ್ದಿಯಿಂದ ಹಿಗ್ಗೋ ಹಿಗ್ಗು. ಅವನು ಚಪ್ಪಲಿ ಮೆಟ್ಟುತ್ತಿರುವಾಗಲೇ ಪರದೆಯ ಸೀರೆಯನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ದಾದರಿನಲ್ಲಿ ಗಾಡಿ ಬದಲಿಸಿ ಬಾಂದ್ರಾ ಸೇರುವ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬಂಗಲೆಯ ಜಗಲಿಯಲ್ಲಿ ಕಾಂತಪ್ಪನವರ ತಾಯಿ ಅಕ್ಕು ಅಮ್ಮ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ಮೂರು ಹೋಟೆಲಿನ ಮಂದಿಯನ್ನು ನಡುಗಿಸುವ ಧಣಿಯನ್ನು ನಡುಗಿಸುವವರು ಅವರೊಬ್ಬರೇ. ದಾನಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಯಂತ್ರದ ಹೊಟ್ಟೆಯೊಳಗಿನ ಸಂಗತಿಯನ್ನೆಲ್ಲ ಬಿಡಿಸಿ ಕೇಳಿದರು.

ಚೀಲದ ಮಾತು ಬಂದಾಗ ತಾಂಬೂಲ ಅಗಿಯುವುದು ನಿಂತಿತು. ಗುಡಿಸಿದ ಕಸವನ್ನು ಚೀಲದಲ್ಲಿ ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳುವುದೆಂದರೆ ಮೂದೇವಿಗೆ ಹಾಸಿಗೆ ಹಾಸಿಕೊಟ್ಟಂತೆ ಎಂದರು. ನೀರಿನದಕ್ಕೂ ಅದೇ ತೀರ್ಪು. ಕೆಸರಾದರೆ ಮೂದೇವಿಗೆ ಇನ್ನೂ ತಂಪು.

"ಹಂಗಾರ ಮೂರನೇದು ಅಮ್ಮಾರ. ಇದು ಮನ್ಯಾಗ ಏನೂ ಇಟ್ಟುಕೊಳ್ಳಂಗಿಲ್ಲ. ಹೊರಗ ಊದಿಬಿಡತೈತಿ."

"ಹೊರಗೆ ಅಂದ್ರೆ? ಗೇಟಿನಿಂದ ಹೊರಗೆಯಾ?"

"ಹೌದ್ರಿ. ಬೀದಿಗೆ."

"ಮತ್ತೆ ದೀಪ ಇಟ್ಟ ಮೇಲೆ ಸೊಸೆ ಅದನ್ನು ತಿರುಗಿಸಿದ್ರೆ? ಅವಳಿಗೆ ಹೊತ್ತುಗೊತ್ತು ಉಂಟಾ? ಮೂರು ಸಂಜೆಗೆ ಮನೆಯ ಧೂಳು ಬೀದಿಗೆ ಬಿದ್ರೆ ಲಕ್ಷ್ಮಿ ಅದರ ಬೆನ್ನಿಗೇ ಹೋಗ್ತಾಳೆ. ನಮ್ಮ ಹೋಟೆಲು ಮುಳುಗಿಸ್ಲಿಕ್ಕೆ ಬಂದದ್ದಾ ನೀನು?"

ಧೂಳು ಒಳಗಿದ್ದರೆ ಮೂದೇವಿ ಬರುತ್ತಾಳೆ, ಹೊರಗೆ ಹೋದರೆ ಲಕ್ಷ್ಮಿ ಹೋಗುತ್ತಾಳೆ. ಈ ಸಂಗತಿಯನ್ನು ವಿಲಾಯತಿಯ ಇಂಜಿನಿಯರುಗಳು ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತು ಕಾಂತಪ್ಪನವರೂ ಟೈ ಕಟ್ಟಿದ ಏಜೆಂಟನೂ ಇಳಿದರು. ಒಳಗೆ ಯಾರೋ ದೇವರ ಮುಂದೆ ದೀಪ ಹಚ್ಚಿದರು. ದೂರದಲ್ಲೆಲ್ಲೋ ಕೂಗಿದ ಹಡಗಿನ ಸಿಳ್ಳು ದಾನಪ್ಪನಿಗೆ ಮಂಗಳೂರಿನ ಸ್ಟೀಮರಿನದೇ ಎನ್ನಿಸಿತು.

ಕಾಂತಪ್ಪನವರು ಬಂಗಲೆಯ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ಯಾವುದು ಎಂಬಂತೆ ಅವನ ಕಡೆ ನೋಡಿದರು. ಅಕ್ಕು ಅಮ್ಮನೂ ನೋಡಿದರು. ಏಜೆಂಟನು ಪೆನ್ನಿನ ಮುಚ್ಚಳ ತೆಗೆದ. ಬೆಕ್ಕು ಅಟ್ಟಿಸಿಕೊಂಡು ಬಂದಾಗ ಇಲಿಗೆ ಇಲ್ಲದ ಬಿಲವೂ ಕಾಣುತ್ತದೆ. ದಾನಪ್ಪನಿಗೂ ಹಾಗೆಯೇ ಒಂದು ಕಂಡಿತು.

"ಮೂರನೇದ ಇರಲ್ರಿ ಸಾಹೇಬರ. ಮನೀ ಹೊರಗ ಊದಲಿ. ಆದರ ಕಂಪೌಂಡಿನ ಹೊರಗ ಬ್ಯಾಡ. ಧೂಳು ಮನೀ ಬಿಟ್ಟಂಗೂ ಆತು, ಗೇಟು ದಾಟಲಿಲ್ಲ ಅಂದಮ್ಯಾಲ ಲಕ್ಷ್ಮಿ ಹೋದಂಗೂ ಆಗಲಿಲ್ಲ."

ಅಕ್ಕು ಅಮ್ಮ ತಲೆದೂಗಿ ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದರು. ಕಾಂತಪ್ಪನವರು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಪೈಪಿನ ಬಾಯಿ ಎಲ್ಲಿರಲಿ ಎಂದು ಏಜೆಂಟನು ಕೇಳಿದಾಗ ದಾನಪ್ಪ ಈಗ ತಾನೇ ಬಂದ ಧೈರ್ಯದಿಂದ ಪೆನ್ಸಿಲ್ ಇಸಿದುಕೊಂಡು, ತುಳಸಿಗೆ ದೂರ, ಅಡುಗೆಮನೆಗೆ ದೂರ, ನಕ್ಷೆಯಲ್ಲಿ ಏನೂ ಇಲ್ಲದ ಹಿತ್ತಲ ಮೂಲೆಯಲ್ಲಿ ದಪ್ಪಗೆ ಒಂದು ಗುರುತು ಹಾಕಿದ. ಕಾಂತಪ್ಪನವರು ಸಹಿ ಹಾಕಿದರು. ಏಜೆಂಟನು ಕಾಗದ ಮಡಚಿಕೊಂಡು ರಾತ್ರಿಯೇ ತಂತಿ ಹೋಗುತ್ತದೆಂದು ಹೇಳಿ ಹೊರಟುಹೋದ.

"ಭಾರಿ ತಲೆ ಮಾರಾಯ ನಿನ್ನದು," ಎಂದರು ಕಾಂತಪ್ಪನವರು. "ಇಂಥವನನ್ನು ಗೋರೆಗಾಂವಿಗೆ ಕಳಿಸಿ ನಾನೇನು ಮಾಡಲಿ? ನಾಳೆ ಆ ಯಂತ್ರಕ್ಕೆ ಏನಾದ್ರೂ ಆದ್ರೆ ನೋಡುವವರು ಯಾರು? ಇಲ್ಲೇ ಒಂದು ರೂಮು ಕಟ್ಟಿಸ್ತೇನೆ. ಜಾಗ ಹುಡುಕ್ತಾ ಇದ್ದೆ, ನೀನೇ ತೋರಿಸಿದಿ." ಅವರ ಬೆರಳು ಪೆನ್ಸಿಲ್ ಗುರುತಿನ ಎದುರಿಗೆ ಒಂದು ಚೌಕ ಬರೆಯಿತು. "ಕಿಟಕಿ ಈ ಕಡೆಗೆ. ಪೈಪು ಕಣ್ಣೆದುರೇ ಇರ್ತದೆ, ಎದ್ದು ಬರುವುದೂ ಬೇಡ."

ದಾನಪ್ಪ ಹುಲ್ಲಿನ ಬಯಲಿನ ಆ ರೂಮಿನ ಬಗ್ಗೆ ಕೇಳಿದ. ಅದನ್ನು ಬೇರೆ ಯಾರಿಗಾದರೂ ಕೊಟ್ಟರಾಯಿತು ಎಂದರು ಧಣಿ. ಪೈಪನ್ನಾದರೂ ಆಚೆ ಗೋಡೆಗೆ ಸರಿಸಬಹುದೇ ಎಂದು ಅವನು ಇನ್ನೂ ಸಣ್ಣ ದನಿಯಲ್ಲಿ ಕೇಳಿದ.

"ಗೋಡೆಯ ಆಚೆ ಬೀದಿ ಅಲ್ವಾ ಮಗಾ," ಎಂದರು ಅಕ್ಕು ಅಮ್ಮ. "ಹೆದರಬೇಡ. ನಮ್ಮ ಲಕ್ಷ್ಮಿ ಇನ್ನು ನಿನ್ನ ಬಾಗಿಲಲ್ಲೇ ಕೂತ್ಕೊಳ್ತಾಳೆ."

ಅವನು ಚಾಳಿಗೆ ಮರಳಿದಾಗ ಪರದೆಯ ಸೀರೆ ಆಗಲೇ ಒಗೆದು ಗ್ಯಾಲರಿಯಲ್ಲಿ ಒಣಗುತ್ತಿತ್ತು. ರೂಮು ಸಿಕ್ಕಿತೆಂದು ಅವನ ಮುಖ ನೋಡದೆಯೇ ನಿರ್ಧರಿಸಿದ್ದ ಗಂಗುಬಾಯಿ, ಮಧ್ಯಾಹ್ನವೇ ಪರಪ್ಪನ ಕೈಯಲ್ಲಿ ಧಾರವಾಡಕ್ಕೆ ತಂತಿ ಕೊಡಿಸಿದ್ದಳು: ಧೂಳಿಲ್ಲದ ಖೋಲಿ ಸಿಕ್ಕಿತು, ಲಗೂನ ಹೊರಡು.

ದಾನಪ್ಪ ಗೋಡೆಗೆ ಒರಗಿ ಕುಳಿತ. ಅವನು ಬಾಂದ್ರಾ ಎಂದಾಗ ಗಂಗುಬಾಯಿಯ ಕಣ್ಣು ಅರಳಿತು.

"ಬಾಂದ್ರಾದಾಗ? ಪುಣ್ಯಾ ಮಾಡಿದ್ದಿ ಬಿಡು. ಖೋಲ್ಯಾಗ ಗಾಳಿ ಚಲೋ ಬರತೈತೇನು?"

"ಬರತೈತ್ರಿ ವೈನಿ," ಎಂದ ದಾನಪ್ಪ. "ಮನೀ ಸ್ವಚ್ಛ ಮಾಡಿದಾಗೊಮ್ಮೆ ಬರತೈತಿ."