ಗಾಡಿ ಆರ್ಲಿ, ತಡಿ

ನಮ್ಮ ಸೋದರಮಾವನ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಕೆಟ್ಟು ನಿಂತಿತ್ತು ಅಂದುಕೊಂಡಿರಾ? ಛೆ, ಕೆಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದರಲ್ಲೇ ಮಾವನ ದಿನ ಮುಗಿಯುತ್ತಿತ್ತು! ಇಳಕಲ್ಲಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಪರೀಕ್ಷೆ ಮಾಡಲು ಮಕ್ಕಳು ಸಿಗದಂತಾದಾಗ ಒಂದು ಹಳೆಯ ಬಿಳಿ ಕಾರು ಕೊಂಡು ತಂದ. ಹಾರ್ನು, ದೀಪಗಳ ಮೇಲೆ ಅವನಿಗೆ ಅಂಥ ಆಸ್ಥೆಯಿರಲಿಲ್ಲ. ಜೀವವೆಲ್ಲ ಎಂಜಿನ್ನನ್ನು ತಣ್ಣಗಿಡುವ ನೀರು, ಪೈಪು, ಫ್ಯಾನು, ರೇಡಿಯೇಟರುಗಳಲ್ಲಿ. "ನಮ್ಮ ಕಡೀ ಬಿಸಿಲಿಗೆ ಮನಷ್ಯಾನ ತಲೀನ ಕುದೀತೈತಿ, ಎಂಜಿನ್ ಕುದೀದ ಇರ್ತೈತೇನು?" ಎನ್ನುತ್ತಿದ್ದ.

ಕಾರು ನಿಲ್ಲಿಸಿದ ಕೂಡಲೇ ಅದರ ಮೂತಿಯ ಕೆಳಗೆ ಹಳೆಯ ಬಿಳಿ ಧೋತರ ಹಾಸುತ್ತಿದ್ದ. ರೇಡಿಯೇಟರಿಗೆ ಹಾಕುವ ಕೂಲಂಟ್ ಹಸಿರು ಬಣ್ಣದ್ದು. ಎಲ್ಲಾದರೂ ಸೋರಿದರೆ ಧೋತರ ಸಾಕ್ಷಿ ಹೇಳಬೇಕಲ್ಲ! ಒಂದು ಮುಂಜಾನೆ ಅದರ ಮೇಲೆ ನಿಜವಾಗಿಯೂ ಹಸಿರು ಹನಿಗಳು ಕಂಡವು. ಮಾವ ಹನಿಯನ್ನು ಮೂಸಿ ನೋಡಿದ, ಬೆರಳಲ್ಲಿ ತಿಕ್ಕಿ ನೋಡಿದ, ಎರಡು ಪೈಪು ಬಿಚ್ಚಿದ. ಒಂದು ತುದಿಗೆ ಬಿರಡೆ ಜಡಿದು, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕಿದ. ಗುಳ್ಳೆ ಬರಲಿಲ್ಲ. ಬಂದದ್ದು ಇನ್ನೊಂದು ಹಸಿರು ಹನಿ, ಅದೂ ಅವನ ಬೋಳುತಲೆಯ ಮೇಲೆ! ಕತ್ತೆತ್ತಿ ನೋಡಿದರೆ ಹಗ್ಗದ ಮೇಲೆ ಅತ್ತೆಯ ಹೊಸ ಇಳಕಲ್ ಸೀರೆ. ಮೊದಲ ಸಲ ನೀರು ಕಂಡು ಬಣ್ಣ ಬಿಡುತ್ತಿತ್ತು.

"ಸೋರಾಕತ್ತಿದ್ದು ನನ್ನ ಸೀರಿ" ಎಂದರು ಅತ್ತೆ. "ಅದಕ್ಕೂ ಪಂಪ್ ಹಚ್ಚಿ ನೋಡ್ತೀರೇನು?"

ಇಷ್ಟಕ್ಕೇ ಬಿಟ್ಟನೇ? ಎಂಜಿನ್ ಕಾದಾಗ ತಾನಾಗಿ ಬಾಯಿ ತೆರೆದು ನೀರು ಬಿಡುವ ಒಂದು ಸಣ್ಣ ಬಿಲ್ಲೆಯಿರುತ್ತದೆ, ಥರ್ಮೋಸ್ಟಾಟ್ ಅಂತ. ಮಾವ ಅದನ್ನು ಬಿಚ್ಚಿ, ದಾರಕ್ಕೆ ಕಟ್ಟಿ, ಅತ್ತೆಯ ಹಾಲಿನ ಪಾತ್ರೆಯ ನೀರಲ್ಲಿ ಇಳಿಬಿಟ್ಟು, ಒಲೆ ಹಚ್ಚಿ, ಥರ್ಮಾಮೀಟರು ಹಿಡಿದು ಕೂತ. ಅದೇ ಹೊತ್ತಿಗೆ ಹುನಗುಂದದ ಬೀಗರು ಬಂದರು. ಒಲೆಯ ಸದ್ದು ಕೇಳಿ, "ಈಗ ಚಾ ಬ್ಯಾಡ್ರಿ" ಎಂದರು. ಅತ್ತೆ ಸಪ್ಪಗೆ, "ಚಾ ಅಲ್ರಿ, ಗಾಡಿ ಕುದಿಸಾಕತ್ತಾರ" ಎಂದರು. ಒಳಗಿನಿಂದ ಮಾವನ ದನಿ ಬಂತು: "ಎಂಬತ್ತೆರಡಕ್ಕ ಬಾಯಿ ಬಿಡ್ತು!" ಬೀಗರ ಮುಖ ಬಾಡಿತು. "ಒಳಗ ಹಿರ್ಯಾರಿಗೆ ಆರಾಮಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು.

ನಾನು ಬಾಗಲಕೋಟೆಯಲ್ಲಿ ಹೋದಹೋದಲ್ಲಿ ಈ ಕಥೆಗಳನ್ನು ಹೇಳಿ ನಗಿಸುತ್ತಿದ್ದೆ. ಮಾವನಿಗೂ ಗೊತ್ತಿತ್ತು. ತಾನೂ ನಗುತ್ತಿದ್ದ.

ಅವನು ನಗದೆ ಹೇಳುತ್ತಿದ್ದ ಮಾತು ಒಂದೇ: "ಆರ್ಲಿ, ತಡಿ." ಒಮ್ಮೆ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಎಡಗೈ ಸುಟ್ಟುಕೊಂಡಿದ್ದ. ಅಂದಿನಿಂದ ಕಾರು ನಿಂತ ಮೇಲೆ ತಾಸುಗಟ್ಟಲೆ ಅದರ ಮುಂದೆ ಕುರ್ಚಿ ಹಾಕಿ ಕೂರುವುದು, ಆಗಾಗ ಅಂಗೈ ಇಟ್ಟು ನೋಡುವುದು. ಪೂರಾ ಆರಿದ ಮೇಲೇ ಮುಚ್ಚಳಕ್ಕೆ ಕೈ. ತಿರುಗಿ ಮುಚ್ಚುವಾಗ ಅದು ಎರಡು ಸಲ 'ಟಕ್' ಅನ್ನಬೇಕು. ಒಂದೇ ಸಲ ಅಂದರೆ ಅರ್ಧ ಮುಚ್ಚಿದಂತೆ; ದಾರಿಯಲ್ಲಿ ನೀರೆಲ್ಲ ಹಬೆಯಾಗಿ ಹೋಗುತ್ತದೆ. ಅತ್ತೆ ಸಿಟ್ಟಾದಾಗಲೂ ಮಾವ ನಮಗೆ ಕಣ್ಣು ಹೊಡೆದು ಇದನ್ನೇ ಹೇಳುತ್ತಿದ್ದ: "ಆರ್ಲಿ, ತಡಿ. ಬಿಸಿ ಇದ್ದಾಗ ಮುಚ್ಚಳ ತಗೀಬಾರ್ದು."

ನನ್ನ ತಂಗಿಯ ನಿಶ್ಚಯ ಬಾದಾಮಿಯಲ್ಲಿತ್ತು. ಅಪ್ಪ ಇಲ್ಲದ ಮನೆ. ಸೋದರಮಾವನೇ ಮುಂದೆ ನಿಂತು ಮಾತು ಮುಗಿಸಬೇಕು. ಅವ್ವ ಆಗ ಇಳಕಲ್ಲಿನಲ್ಲಿ ಮಾವನ ಮನೆಯಲ್ಲೇ ಇದ್ದಳು, ಅವಳನ್ನು ಕಾರಿನಲ್ಲಿ ಕರೆತರುವುದು ಅವನ ಪಾಲಿಗೆ. ಹಿಂದಿನ ದಿನ ನಾನೂ ಇಳಕಲ್ಲಿಗೆ ಹೋಗಿದ್ದೆ. ಹೊರಡುವ ಮುಂಜಾನೆ ಮಾವ, ಅವನ ಜೀವಮಾನದಲ್ಲೇ ಮೊದಲ ಸಲ, "ಇವತ್ತ ನೀರು ನೀನ ನೋಡಪಾ" ಎಂದ. ಮುಂಚೆ ಹೋಗಿ ಎಲ್ಲ ಸಜ್ಜು ಮಾಡಬೇಕಿದ್ದ ನನಗೆ ಬಾದಾಮಿಯ ಬಸ್ಸಿನ ಅವಸರ. ತೆಗೆದೆ, ಬಗ್ಗಿ ನೋಡಿದೆ, ಮುಚ್ಚಿದೆ, ಓಡಿದೆ.

ಬಾದಾಮಿಯಲ್ಲಿ ಗಂಡಿನ ಕಡೆಯವರು ಎರಡು ತಾಸು ಕಾದರು. ಅವರ ಹಿರಿಯರೊಬ್ಬರು ಹೊತ್ತು ಮೀರಿತೆಂದು ಎದ್ದೇ ಬಿಟ್ಟರು. ಕೊನೆಗೆ ಅವ್ವನನ್ನು ಕರೆದುಕೊಂಡು ಮಾವ ಬಂದ, ಅಂಗಿಯೆಲ್ಲ ಒದ್ದೆ, ಮುಖ ಕೆಂಪು. ಐಹೊಳೆಯ ಹತ್ತಿರ ಕಾರು ಕುದಿಯಿತಂತೆ. ಬೇವಿನ ಗಿಡದ ನೆರಳಲ್ಲಿ ಆರಲು ಬಿಟ್ಟಿದ್ದನಂತೆ.

ನಾನು ಎಲ್ಲರ ಮುಂದೆ ಅಂದುಬಿಟ್ಟೆ: "ವರ್ಷಾನಗಟ್ಲೆ ಪರೀಕ್ಷೆ ಮಾಡಿ ಮಾಡಿ ಇದನ್ನ ಕಲ್ತಿ? ನಿನಗ ನಮಗಿಂತ ಆ ಡಬ್ಬೀನ ಹೆಚ್ಚಾತು. ನೀ ಬರದಿದ್ರೂ ನಡೀತಿತ್ತು."

ಮಾವ ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಎದ್ದ ಹಿರಿಯರ ಕೈ ಹಿಡಿದು ಕೂರಿಸಿ, ನಿಶ್ಚಯ ಮುಗಿಸಿ, ಊಟ ಮಾಡದೆ ಹೋದ.

ಆಮೇಲೆ ನಾನು ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಖರೆ ಹೇಳಬೇಕೆಂದರೆ ನನ್ನ ಸಿಟ್ಟು ಎರಡು ದಿನವೂ ಉಳಿದಿರಲಿಲ್ಲ. ಉಳಿದದ್ದು ನಾಚಿಕೆ. ಅವ್ವ, "ಒಂದ್ ಫೋನ್ ಹಚ್ಚಪಾ, ನಿಮ್ಮ ಮಾಮಾ ಅದಾನ" ಎಂದಾಗಲೆಲ್ಲ, "ಅವನ ಹಚ್ಲಿ" ಎನ್ನುತ್ತಿದ್ದೆ. ಬಾಗಲಕೋಟೆಯಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಎಂಟು ತಿಂಗಳಲ್ಲಿ ಒಂದು ಸಲವೂ ಹೋಗಲಿಲ್ಲ.

ಹೋದದ್ದು ಅವನ ಮಣ್ಣಿಗೆ. ಎದೆ ನೋವೆಂದನಂತೆ, ದವಾಖಾನೆಗೆ ಒಯ್ಯುವಷ್ಟೂ ಹೊತ್ತು ಕೊಡಲಿಲ್ಲ.

ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಕಾರಿನ ಹತ್ತಿರ ನಿಂತಿದ್ದೆ. ಕೆಳಗೆ ಧೋತರ ಹಾಗೇ ಇತ್ತು, ಬೆಳ್ಳಗೆ. ಅತ್ತೆ ಬಂದು ಪಕ್ಕದಲ್ಲಿ ನಿಂತರು.

"ನಿನಗ ಹೇಳಬ್ಯಾಡ ಅಂದಿದ್ರು. ಈಗ ಹೇಳ್ತೇನಿ" ಎಂದರು. "ಅವತ್ತ ದಾರ್ಯಾಗ ನೋಡಿದ್ರ ಆ ಮುಚ್ಚಳ ಒಂದ ಟಕ್ಕಿಗೆ ನಿಂತಿತ್ತಂತ."

ನಾನು ಬಾನೆಟ್ಟಿನ ಕಡೆ ತಿರುಗಿದೆ.

"ಹೇಳಿದ್ರ ಹುಡುಗ ಮನಸಿಗೆ ಹಚ್ಗೊಂತಾನ ಅಂದ್ರು. ಪ್ರತಿ ರವಿವಾರ ನೀರು ನೋಡಿ, ಗಾಡಿ ತಯಾರ ಮಾಡಿ, ನಿಮ್ಮೂರಿಗೆ ಬರಾಕ ಅಂಗಿ ಹಾಕ್ಕೊಂಡು ಕೂಡ್ತಿದ್ರು. ಆಮ್ಯಾಲ ನನ್ನ ಕೇಳ್ತಿದ್ರು, 'ಅಂವ ಆರ್ಯಾನೇನು?' ಅಂತ. ನನಗ ಹ್ಯಾಂಗ ಗೊತ್ತಾಗಬೇಕಪಾ? ಇನ್ನೊಂದ ವಾರ ತಡೀರಿ ಅಂತಿದ್ದೆ."

ನಾನು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ನಾನು ಎರಡೇ ದಿನಕ್ಕೆ ಆರಿದ್ದೆ ಮಾಮಾ. ನಿನಗೆ ಹೇಳಲಿಲ್ಲ, ಅಷ್ಟೆ.