ನಾಲ್ಕನೆಯ ನುಡಿ ಬಾರದ ಹಾಡು

ಚೆನ್ನೈಯಲ್ಲಿ ಕುಂದಾಪುರ ಕಡೆಯ ಹೆಂಗಸೊಬ್ಬಳು ಜಾಝ್ ಹಾಡಿ ಹೊಟ್ಟೆ ಹೊರೆಯಲು ಹೊರಟರೆ ಸಂಗೀತ ಕಛೇರಿಗಳಿಗೆ ಬರ ಬರಬಹುದು, ಮುಂದೆ ಹೇಳುವಂಥ ಪ್ರಸಂಗಗಳಿಗೆ ಬರುವುದಿಲ್ಲ. ಹಳೆಯ ಇಂಗ್ಲಿಷ್ ಜಾಝ್ ಹಾಡು ಒಂದಿಷ್ಟು, ನಾನೇ ಕಟ್ಟಿದ್ದು ಒಂದಿಷ್ಟು, ನಡುವೆ ಅಮ್ಮನಿಂದ ಕಲಿತ, ಗದ್ದೆ ನೆಡುವಾಗಿನ ನಾಟಿ ಹಾಡು. ಇಷ್ಟು ನನ್ನ ಸರಕು. ಈ ಕಥೆಗಳನ್ನು ಕೇಳಿದವರು ನಗುತ್ತಾರೆ. ನನಗೆ ಮಾತ್ರ ಈಚೆಗೆ ನಗು ಸ್ವಲ್ಪ ತಡವಾಗಿ ಬರುತ್ತದೆ.

೧. ಬಾದಾಮಿ

ಬೆಸೆಂಟ್ ನಗರದ ಮನೆಯೊಂದರ ಮಹಡಿಯಲ್ಲಿ ಕಛೇರಿ. ಜಾಝಿನಲ್ಲಿ ಮಾತು ಬಿಟ್ಟು 'ದೂಬಿ ದೂಬಿ ದಾ' ಅಂತ ಬರೀ ಸದ್ದಿನಲ್ಲೇ ಹಾಡುವ ಪದ್ಧತಿಯಿದೆ. ನಾನು ಅದರಲ್ಲಿ ಮೈಮರೆತಿದ್ದೆ. ಮುಂದಿನ ಸಾಲಿನ ಮಾಮಿಯೊಬ್ಬರು ಮೊದಲು ಚಡಪಡಿಸಿದರು, ಆಮೇಲೆ ಫೋನಿನಲ್ಲಿ ಏನೋ ಹುಡುಕಿದರು, ಕೊನೆಗೆ ಎದ್ದು ಬಂದು ಫೋನನ್ನು ನನ್ನ ಮುಖಕ್ಕೇ ಹಿಡಿದರು. ಅದರಲ್ಲಿ ಹಾಡಿನ ಪೂರ್ತಿ ಸಾಹಿತ್ಯವಿತ್ತು.

"ಪರವಾಯಿಲ್ಲೆ ಮಾ, ಪಾತ್ತೇ ಪಾಡುಂಗೊ" ಎಂದರು. ಪರವಾಗಿಲ್ಲ, ನೋಡಿಕೊಂಡೇ ಹಾಡಿ ಎಂದು.

ಮುಗಿದ ಮೇಲೆ ಒಂದು ಡಬ್ಬಿ ಬಾದಾಮಿ ಕೊಟ್ಟು, ದಿನಾ ನಾಲ್ಕು ನೆನೆಹಾಕಿ ತಿಂದರೆ ಮರೆವು ಹೋಗುತ್ತದೆ ಎಂದರು. ನಾನು ತಿನ್ನಲಿಲ್ಲ, ಅಮ್ಮನಿಗೆ ತಿನ್ನಿಸಿದೆ. ಡಬ್ಬಿ ಎಲ್ಲಿಟ್ಟೆ ಅನ್ನುವುದನ್ನು ಅವಳು ಎರಡೇ ದಿನದಲ್ಲಿ ಮರೆತಳು.

೨. ಉಪ್ಪು

ಹೌದು, ಅಮ್ಮನಿಗೆ ಮರೆವಿನ ಕಾಯಿಲೆ. ಹೋಟೆಲಿನಲ್ಲಿ ಅಡುಗೆಯವರಾಗಿದ್ದ ಅಪ್ಪನ ಹಿಂದೆ ಈ ಊರಿಗೆ ಬರುವಾಗ ಅವಳು ತಂದದ್ದು ಒಂದು ಟ್ರಂಕು ಮತ್ತು ತಲೆ ತುಂಬ ಹಾಡು. ಅದರಲ್ಲೊಂದು, ಗದ್ದೆಯಲ್ಲಿರುವ ಸೊಸೆ ತವರಿಗೆ ಹೋಗಲು ಅಪ್ಪಣೆ ಕೇಳುವ ಹಾಡು. ಮೊದಲ ನುಡಿಯಲ್ಲಿ ಅತ್ತೆ ಬೇಡವೆನ್ನುತ್ತಾಳೆ, ಎರಡರಲ್ಲಿ ಮಾವ, ಮೂರರಲ್ಲಿ ಗಂಡ. ನಾಲ್ಕನೆಯದು ನನಗೆ ಬರುವುದಿಲ್ಲ. ಚಿಕ್ಕಂದಿನಲ್ಲಿ ಕಿವಿಗೊಡಲಿಲ್ಲ, ಈಗ ಅಮ್ಮನ ಹೊರತು ಬಲ್ಲವರು ಯಾರೂ ಉಳಿದಿಲ್ಲ. ಅದು ಅವಳ ತಲೆಯಿಂದ ಅಳಿಸಿಹೋಗುವ ಮೊದಲು ನನಗೆ ಬೇಕು.

ಅಣ್ಣಾ ನಗರದ ನಮ್ಮ ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿದೆ. ಎರಡನೆಯ ನುಡಿಯ ನಡುವೆ ಅಮ್ಮ ಹಾಡು ನಿಲ್ಲಿಸಿ, ಸಾಂಬಾರು ಅಂಗೈಗೆ ಹಾಕಿ ನೆಕ್ಕಿ, ಉಪ್ಪು ಹಾಕಿ, ಬಿಟ್ಟ ಪದದಿಂದಲೇ ಮುಂದುವರಿಸಿದಳು. ಮೂರು ಮುಗಿಯುತ್ತಲೇ "ಉಪ್ಪ್ ಹಾಕಿದ್ನಾ?" ಎಂದು ಮತ್ತೆ ಹಾಕಿದಳು. ಹಾಡು ಅಲ್ಲಿಗೇ ನಿಂತಿತು.

ನಮ್ಮ ಬ್ಯಾಂಡಿನ ತಮಿಳು ಪಿಯಾನೋದವನು, ನಾನು ಕಳಿಸಿದ್ದನ್ನು ಕೇಳಿ ಫೋನ್ ಮಾಡಿದ. "ಅಕ್ಕಾ, ನಡುವೆ ಅಮ್ಮ ಬಿಟ್ಟ ಆ ಗ್ಯಾಪ್ ಸೆಮ, ಭರ್ಜರಿ! ಒಂಬತ್ತೂವರೆ ಬೀಟ್! ಹೇಗೆ ಯೋಚಿಸಿದರು?" ನಿಜ ಹೇಳುವಷ್ಟರಲ್ಲಿ ಬ್ಯಾಂಡಿನ ಉಳಿದಿಬ್ಬರಿಗೂ ಕಳಿಸಿಬಿಟ್ಟಿದ್ದ. ಅಂಬತ್ತೂರಿನ ಶೆಡ್ಡಿನಲ್ಲಿ ವಾರಗಟ್ಟಲೆ ಆ ಗ್ಯಾಪನ್ನೇ ಅಭ್ಯಾಸ ಮಾಡಿದೆವು. ಈಗ ಪ್ರತಿ ಕಛೇರಿಯಲ್ಲೂ ನಾವು ನಾಲ್ವರು ಆ ಜಾಗದಲ್ಲಿ ಉಸಿರು ಕಟ್ಟಿ ನಿಲ್ಲುತ್ತೇವೆ, ಜನ ಚಪ್ಪಾಳೆ ತಟ್ಟುತ್ತಾರೆ. ಸಾಂಬಾರು ಮಾತ್ರ ಅವತ್ತು ಬಾಯಿಗಿಡುವಂತಿರಲಿಲ್ಲ.

೩. ಡಾಕ್ಟರ ಪ್ರಶ್ನೆ

ಅಮ್ಮನ ತಪಾಸಣೆಯ ದಿನ ಡಾಕ್ಟರು ನನ್ನತ್ತ ಬೆರಳು ಮಾಡಿ ತಮಿಳಿನಲ್ಲಿ, ಇವರು ಯಾರಮ್ಮಾ ಎಂದು ಕೇಳಿದರು. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಕನ್ನಡದಲ್ಲೇ ಹೇಳಿದಳು: "ಮನೆಕೆಲ್ಸಕ್ಕೆ ಬಪ್ಪು ಹೆಣ್ಣ್. ಪಾಪದ್ದ್. ಹಾಡೂದೊಂದ್ ಬಿಟ್ರೆ ಎಂತ ತೊಂದ್ರಿ ಇಲ್ಲೆ."

ಏನಂದರು ಎಂದು ಡಾಕ್ಟರು ನನ್ನನ್ನು ಕೇಳಿದರು. "ಮಗಳು ಅಂದರು" ಎಂದೆ. ಡಾಕ್ಟರು 'ಒಳ್ಳೆಯ ಸುಧಾರಣೆ' ಎಂದು ಬರೆದುಕೊಂಡರು.

೪. ಮುಂದಿನ ಸಾಲಿನಿಂದ

ಹೋದ ತಿಂಗಳು ಅಮ್ಮನನ್ನೂ ಕಛೇರಿಗೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಅವಳ ಹಾಡು ಹಾಡಿದೆ. ಮೂರು ನುಡಿ ಮುಗಿಸಿ ಎಂದಿನಂತೆ ಮುಂದಿನದನ್ನು ಪಿಯಾನೋಕ್ಕೆ ಬಿಟ್ಟೆ. ಅಮ್ಮ ಎದ್ದು ನಿಂತಳು.

"ಅರ್ಧಕ್ಕೆ ಎಂತಕ್ಕೆ ನಿಲ್ಸ್ದೆ? ಇನ್ನೂ ಒಂದ್ ನುಡಿ ಇತ್ತ್!"

ಪಿಯಾನೋ ನಿಂತಿತು. ನಾನು ಮೈಕು ಹಿಡಿದುಕೊಂಡೇ ಕೆಳಗಿಳಿದು ಓಡಿದೆ. ಅವಳನ್ನು ಕೂರಿಸಿ ಎದುರು ಮಂಡಿಯೂರಿದೆ. "ನಿಂಗೆ ಬತ್ತಾ ಅಮ್ಮಾ? ಹೇಳಿಕೊಡ್" ಎಂದೆ.

ಅಮ್ಮ ನನ್ನ ಕೆನ್ನೆ ತಟ್ಟಿದಳು. ಎಷ್ಟೋ ತಿಂಗಳಿಂದ ಕಾಣದಷ್ಟು ಸ್ಪಷ್ಟವಾಗಿತ್ತು ಅವಳ ಮುಖ. ಮೈಕಿಗೆ ಬಾಯಿ ಕೊಟ್ಟು, ಇಡೀ ಸಭೆಗೆ ಕೇಳುವಂತೆ ಹೇಳಿದಳು:

"ಬತ್ತ್ ಹೆಣ್ಣೇ, ಬರದೆ ಎಂತ? ಆದ್ರೆ ಅದ್ ನನ್ ಮಗಳಿಗಂತ ಇಟ್ಟದ್ದ್. ಕಂಡಕಂಡವ್ರಿಗೆಲ್ಲ ಹೇಳಿಕೊಡೂದಲ್ಲ. ಅವ್ಳ್ ಎಲ್ಲಾದ್ರೂ ಸಿಕ್ರೆ, ಬರೂಕ್ ಹೇಳ್."